ಸೊನ್ನೆ ಉಸಿರು

ಜುಲೈ ೨೮

ಇವತ್ತಿನ ವೈವಾದಲ್ಲಿ ಮೊದಲನೇ ಪ್ರಶ್ನೆ, ‘ನಿನ್ನ ಹೆಸರೇನಮ್ಮ?’ ನನಗೆ ಬರಲಿಲ್ಲ.

ಗೊತ್ತಿಲ್ಲ ಅಂತಲ್ಲ. ಹುಟ್ಟಿದಾಗಿನಿಂದ ಅದೇ ಹೆಸರು. ಆದರೆ ಕರೆಂಟ್ ಹೋದಾಗ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಡುತ್ತದಲ್ಲ, ಹಾಗೆ ಉಸಿರು ಗಂಟಲಿನವರೆಗೆ ಬಂದು ನಿಂತಿತು. ಎಚ್‌ಒಡಿ ಸರ್ ಕಾದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ನಾನು ಇನ್ನೂ ಅಲ್ಲೇ ಇದ್ದೆ.

“ಧೈರ್ಯ ಬರ್ಲಿ ಅಂತ ಸುಲಭದ್ದು ಕೇಳಿದ್ದು ಕಣಮ್ಮ,” ಎಂದರು. ಪಾಪ, ಅವರೇ ತಪ್ಪು ಮಾಡಿದವರ ಹಾಗಿದ್ದರು. ಆಮೇಲೆ ಸೊನ್ನೆ ಹಾಕಿದರು.

ಲ್ಯಾಬ್ ಟೆಕ್ನಾಲಜಿ ಫಸ್ಟ್ ಇಯರ್‌ಗೆ ಎರಡೇ ವೈವಾ. ಎರಡನೆಯದು ಡಿಸೆಂಬರಿನಲ್ಲಿ, ಹೊರಗಿನ ಎಕ್ಸಾಮಿನರ್ ಬರುತ್ತಾರೆ. ಅದರಲ್ಲೂ ಸೊನ್ನೆ ಬಂದರೆ ಸೀಟು ಹೋಯಿತು. ಸೀಟು ಹೋದರೆ ನಾನು ಎಲ್ಲಿಗೆ ಹೋಗಬೇಕು? ಅಪ್ಪನದು ಸೇತುವೆ ಕಟ್ಟಿಸುವ ಕೆಲಸ. ಒಂದು ಮುಗಿದರೆ ಇನ್ನೊಂದು ನದಿ. ಅಮ್ಮ ಅವರ ಹಿಂದೆ ಶೆಡ್ಡಿನಿಂದ ಶೆಡ್ಡಿಗೆ. ನಾನು ಯುಕೆಜಿಯಿಂದ ಹಾಸ್ಟೆಲ್. ತಟ್ಟೆ, ಲೋಟ, ಚಮಚ ಮೂರರ ಮೇಲೂ ನನ್ನ ಮೊದಲ ಹಾಸ್ಟೆಲಿನ ನಂಬರು, ೩೪ ಎಂದು ಕೊರೆದಿದೆ. ಹಾಸ್ಟೆಲ್ ಬದಲಾದರೂ ಅವು ಮೂರು ಬದಲಾಗಿಲ್ಲ. ಲಿಟರಲಿ ನನ್ನ ಮನೆ ಅಂದರೆ ಅವೇ.

ಜುಲೈ ೩೧

ಹೊಸ ರೂಮ್‌ಮೇಟ್ ಬಂದಿದ್ದಾಳೆ. ಡ್ರೆಸ್ ಡಿಸೈನಿಂಗ್ ಓದುತ್ತಾಳಂತೆ. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು, ಕೈಯಲ್ಲಿ ಎದೆಯುರಿಯ ಸಿರಪ್ಪಿನ ಬಾಟಲಿ. ಪಿನ್ನು ತೆಗೆದು ಸಿರಪ್ ಕುಡಿಯುತ್ತಾಳೆ, ಸಿರಪ್ ನುಂಗಿ ಮತ್ತೆ ಪಿನ್ನು ಇಟ್ಟುಕೊಳ್ಳುತ್ತಾಳೆ.

ರಾತ್ರಿ ಊಟಕ್ಕೆ ನನ್ನ ಎದುರಿಗೇ ಕೂತಳು. “ಒಂದು ತುತ್ತು ಕೊಡೇ,” ಎಂದಳು. ಅವಳ ತಟ್ಟೆಯಲ್ಲೂ ಅದೇ ಅನ್ನ, ಅದೇ ಮೊಟ್ಟೆ! ನಾನು ತಟ್ಟೆಗೆ ಕೈ ಅಡ್ಡ ಇಟ್ಟೆ. “ಇದು ನನ್ನ ತಟ್ಟೆ.”

“ತಟ್ಟೆ ಯಾರ್ ಕೇಳಿದ್ರೇ? ತುತ್ತು ಕೇಳ್ದೆ.”

ಕೊಡಲಿಲ್ಲ. ಅವಳು ಪಕ್ಕದ ಟೇಬಲ್ಲಿಗೆ ಹೋಗಿ, ಅಲ್ಲಿಂದ ಅದರ ಪಕ್ಕದ ಟೇಬಲ್ಲಿಗೆ ಹೋಗಿ, ಎಲ್ಲರ ಹತ್ತಿರವೂ ಒಂದೊಂದು ತುತ್ತು ತಿಂದು ಬಂದಳು. ಇಡೀ ಮಹಡಿ ಆಗಲೇ ಅವಳನ್ನು ತುತ್ತು ಎಂದೇ ಕರೆಯುತ್ತಿದೆ. ಬಂದು ಆರು ಗಂಟೆ ಆಗಿಲ್ಲ. ನಾನು ಈ ಮಹಡಿಗೆ ಬಂದು ತಿಂಗಳಾಯಿತು, ನನ್ನನ್ನು ಯಾರೂ ಏನೂ ಕರೆಯುವುದಿಲ್ಲ.

ಆಗಸ್ಟ್ ೧೧

ಏನೋ ಆಗಿಹೋಯಿತು. ನೀಟಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಇವತ್ತು ಉಸಿರು ಪರೀಕ್ಷೆಯ ಪ್ರಾಕ್ಟಿಕಲ್. ಒಬ್ಬರ ಎಂಜಲಿನಿಂದ ಇನ್ನೊಬ್ಬರಿಗೆ ಹೋಗುವ ಒಂದು ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಮನೆ ಮಾಡಿಕೊಂಡು ಹುಣ್ಣು ಮಾಡುತ್ತದೆ. ಅದು ಇದೆಯೋ ಇಲ್ಲವೋ ನೋಡಲು ಹೊಟ್ಟೆಯೊಳಗೆ ಪೈಪು ಬಿಡಬೇಕಾಗಿಲ್ಲ, ಊದಿಸಿದರೆ ಸಾಕು. ಖಾಲಿ ಹೊಟ್ಟೆಯಲ್ಲಿ ನೀಲಿ ಚೀಲಕ್ಕೆ ಊದಬೇಕು. ಆಮೇಲೆ ಒಂದು ಹುಳಿ ಜ್ಯೂಸು ಕುಡಿದು, ಅರ್ಧ ಗಂಟೆ ತೆಪ್ಪಗೆ ಕೂತು, ಕೆಂಪು ಚೀಲಕ್ಕೆ ಊದಬೇಕು. ಬ್ಯಾಕ್ಟೀರಿಯಾ ಇದ್ದರೆ ಅದು ಜ್ಯೂಸಿನೊಳಗಿನ ಪುಡಿಯನ್ನು ಒಡೆಯುತ್ತದೆ, ಆ ಗಾಳಿ ಉಸಿರಿನಲ್ಲಿ ಬರುತ್ತದೆ. ಯಂತ್ರ ಎರಡೂ ಚೀಲ ಮೂಸಿ ನೋಡಿ ವ್ಯತ್ಯಾಸ ಹೇಳುತ್ತದೆ. ಅಷ್ಟೇ.

ಟೆಕ್ನಿಷಿಯನ್ ಅಣ್ಣ ಈಜು ಕಲಿಸುವವರ ಹಾಗೆ ಕೂಗುತ್ತಾರೆ. “ಎಳ್ಕೋ! ಹಿಡ್ಕೋ! ಈಗ ಬಿಡು ಬಿಡು ಬಿಡು ಬಿಡು!” ಕ್ಲಾಸಿನವರೆಲ್ಲ ಊದಿದರು. ಒಬ್ಬೊಬ್ಬರದೂ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ. ಜಾಸ್ತಿ ಬಂದವರಿಗೆ ಡಾಕ್ಟರ ಹತ್ತಿರ ಹೋಗಲು ಹೇಳಿದರು. ಕೊನೆಗೆ ನನ್ನದು.

ಟೆಕ್ನಿಷಿಯನ್ ಅಣ್ಣ ಯಂತ್ರದ ತಲೆಗೆ ಒಂದು ತಟ್ಟಿದರು. ಮತ್ತೆ ನೋಡಿದರು. “ಸರ್, ಸ್ವಲ್ಪ ಬನ್ನಿ ಇಲ್ಲಿ.”

ಎಚ್‌ಒಡಿ ಸರ್ ಬಂದರು. ಎರಡನೇ ಸಲ ಊದಿಸಿದರು. ಮೂರನೇ ಸಲವೂ. ಸೊನ್ನೆ. ಸೊನ್ನೆ ಪಾಯಿಂಟ್ ಸೊನ್ನೆ. “ನನ್ನ ಸರ್ವಿಸ್ಸಿನಲ್ಲಿ ಇಂಥ ಸೊನ್ನೆ ನೋಡಿಲ್ಲ,” ಎಂದು ಕುರ್ಚಿ ಎಳೆದು ಕೂತೇಬಿಟ್ಟರು. “ಚಿಕ್ಕವಯಸ್ಸಿನಲ್ಲಿ ಯಾರ ತಟ್ಟೆಯಲ್ಲಿ ಊಟ ಮಾಡ್ತಿದ್ದೆ?”

ನಾನು ಬೆರಳಿನಿಂದ ಗಾಳಿಯಲ್ಲಿ ೩೪ ಎಂದು ಬರೆದು ತೋರಿಸಿದೆ.

“ಯಾರ ಎಂಜಲೂ ತಿಂದಿಲ್ವಾ? ಅಮ್ಮ ಬಾಯಿಂದ ಊದಿ ಆರಿಸಿ ತಿನ್ನಿಸೋದು, ಅಣ್ಣ ಕಚ್ಚಿದ ಬಿಸ್ಕತ್ತು, ಏನೂ ಇಲ್ವಾ?” ತಲೆ ಆಡಿಸಿದೆ. ಅವರ ಕಣ್ಣು ಒದ್ದೆಯಾಗಿತ್ತು.

ವಿಷಯ ಏನೆಂದರೆ, ದಿನಾ ಬೆಳಿಗ್ಗೆ ಕಾಲೇಜಿನ ಆಸ್ಪತ್ರೆಗೆ ಪೇಷೆಂಟುಗಳು ಬರುವ ಮುಂಚೆ ಯಂತ್ರ ಸರಿ ಇದೆಯೋ ಇಲ್ಲವೋ ಎಂದು ಪೂರ್ತಿ ಕ್ಲೀನ್ ಇರುವ ಒಬ್ಬರ ಉಸಿರಿನಿಂದ ನೋಡಿಕೊಳ್ಳಬೇಕಂತೆ. ಆ ಒಬ್ಬರು ಇನ್ನು ಮೇಲೆ ನಾನು. “ನೀನು ನಮ್ಮ ಡಿಪಾರ್ಟ್‌ಮೆಂಟಿನ ಸ್ಟ್ಯಾಂಡರ್ಡ್,” ಎಂದರು ಸರ್. “ಡಿಸೆಂಬರ್ ವೈವಾದ ಚಿಂತೆ ಬಿಡು. ನೀನು ಉಸಿರು ನೋಡ್ಕೋ, ಮಾರ್ಕ್ಸು ನಾನು ನೋಡ್ಕೋತೀನಿ.”

ಸೊನ್ನೆಯಿಂದ ಹೋಗಬೇಕಿದ್ದ ಸೀಟು ಸೊನ್ನೆಯಿಂದಲೇ ಉಳಿಯಿತು.

ಆಗಸ್ಟ್ ೨೦

ಸ್ಟ್ಯಾಂಡರ್ಡಿಗೆ ನಿಯಮಗಳಿವೆ. ಓಡಬಾರದು. ಕೆಮ್ಮುವವರ ಪಕ್ಕ ಕೂರಬಾರದು. ಯಾರ ಲೋಟದಲ್ಲೂ ಕುಡಿಯಬಾರದು. ಮುಖ್ಯವಾಗಿ ಮುಸುಕಿನ ಜೋಳ ತಿನ್ನಬಾರದು. ಅದರ ಇಂಗಾಲವೇ ಬೇರೆ ತರಹದ್ದಂತೆ, ಉಸಿರಿನ ಲೆಕ್ಕ ಕೆಡಿಸುತ್ತದಂತೆ. ಹಾಸ್ಟೆಲ್ ಗೇಟಿನ ಹೊರಗೇ ಒಬ್ಬಳು ಅಜ್ಜಿ ಜೋಳ ಸುಡುತ್ತಾಳೆ. ಸರ್ ಖುದ್ದಾಗಿ ಹೋಗಿ ಅವಳಿಗೆ ನನ್ನ ಫೋಟೋ ತೋರಿಸಿ, “ಈ ಹುಡುಗಿಗೆ ಮಾತ್ರ ಕೊಡಬೇಡಿ,” ಎಂದು ಹೇಳಿ ಬಂದಿದ್ದಾರೆ. ಅಜ್ಜಿ ನನ್ನನ್ನು ಕಂಡರೆ ಈಗ ಬೀಸಣಿಗೆಯಿಂದ ಜೋಳ ಮುಚ್ಚುತ್ತಾಳೆ. ನಾನೇನೋ ಕದ್ದು ಸಿಕ್ಕಿಬಿದ್ದವಳು ಎಂದುಕೊಂಡಿರಬೇಕು.

ಭಾನುವಾರದ ಉಸಿರನ್ನು ಶನಿವಾರವೇ ಊದಿ ಬೀರುವಿನಲ್ಲಿ ಇಡುತ್ತೇವೆ. ಚೀಲದ ಒಳಗೆ ಬೆಳ್ಳಿ ಬಣ್ಣದ ಪದರ ಇದೆ, ಉಸಿರು ಎಷ್ಟು ದಿನ ಇದ್ದರೂ ಕೆಡುವುದಿಲ್ಲ.

ಸೆಪ್ಟೆಂಬರ್ ೩

ಸರ್ ನನ್ನ ಉಸಿರನ್ನು ಕಾನ್ಫರೆನ್ಸಿಗೆ ತೆಗೆದುಕೊಂಡು ಹೋಗಿದ್ದರು. ವಿಮಾನದಲ್ಲಿ. ಲಗೇಜಿಗೆ ಹಾಕಲು ಮನಸ್ಸು ಬಾರದೆ ಮಡಿಲಲ್ಲೇ ಇಟ್ಟುಕೊಂಡಿದ್ದರಂತೆ. ಅಲ್ಲಿಯ ಯಂತ್ರದಲ್ಲೂ ಸೊನ್ನೆ, ಎಲ್ಲರ ಎದುರಿಗೆ ಸೊನ್ನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

ಉಳಿದ ಉಸಿರನ್ನು ವಾಪಸ್ ತಂದು ಗಾಜಿನ ಶೋಕೇಸಿನಲ್ಲಿ ಶೀಲ್ಡುಗಳ ನಡುವೆ ಇಟ್ಟಿದ್ದಾರೆ. ನೀಲಿ ಒಂದು, ಕೆಂಪು ಒಂದು. ನಾನು ಇನ್ನೂ ವಿಮಾನ ಹತ್ತಿಲ್ಲ. ನನ್ನ ಉಸಿರು ಹೋಗಿ ಬಂತು.

ಸೆಪ್ಟೆಂಬರ್ ೧೪, ಭಾನುವಾರ

ಅಮ್ಮನ ಫೋನು. ಊಟ ಆಯ್ತಾ ಕೇಳಿದಳು. ಆಯ್ತು ಅಂದೆ. ಡಿಪಾರ್ಟ್‌ಮೆಂಟಿನಲ್ಲಿ ನನ್ನ ಉಸಿರಿಗೆ ತುಂಬಾ ಬೆಲೆ ಎಂದು ಹೇಳಿದೆ.

“ಉಸಿರಿಗಾ? ಯಾಕೆ, ಬೇರೆಯವರು ಉಸಿರಾಡಲ್ವಾ ಅಲ್ಲಿ?” ಎಂದಳು. ಆಮೇಲೆ ಅಪ್ಪನಿಗೆ ಕೂಗಿದಳು, “ರೀ, ಇವಳಿಗೆ ಉಸಿರಾಡೋ ಕೆಲಸ ಸಿಕ್ಕಿದೆಯಂತೆ.” ಹಿಂದೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು. ಅಪ್ಪನ ದನಿ ದೂರದಿಂದ ಬಂತು, “ಪರ್ಮನೆಂಟಾ ಕೇಳು!”

ಸೆಪ್ಟೆಂಬರ್ ೨೨

ಬೇಡ ಬೇಡ ಅಂದುಕೊಂಡೇ ತಿಂದೆ. ಬರೆದಿಡುತ್ತೇನೆ, ಯಾರಿಗೂ ಹೇಳುವುದಿಲ್ಲ.

ಸಂಜೆ ತುತ್ತು ನನಗೊಂದು ಕುರ್ತಾ ಹೊಲಿಯುತ್ತೇನೆಂದು ಅಳತೆ ತೆಗೆಯುತ್ತಿದ್ದಳು. “ಉಸಿರು ಬಿಡೇ, ಎದೆ ಉಬ್ಬಿಸ್ಕೊಂಡು ನಿಂತ್ರೆ ನಾನು ಯಾರ ಅಳತೆ ಬರ್ಕೊಳ್ಳಿ?” ಎಂದಳು. ನಾನು ಯಾವಾಗಲೂ ಉಸಿರು ಹಿಡಿದುಕೊಂಡೇ ನಿಲ್ಲುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ಬಿಟ್ಟೆ. ಎರಡು ಇಂಚು ಕಡಿಮೆಯಾಯಿತು.

ಆಮೇಲೆ ಅವಳು ಗೇಟಿಗೆ ಹೋಗಿ ಒಂದು ಜೋಳ ತಂದಳು. ಒಂದೇ. ನಮ್ಮ ಬ್ಲಾಕಿನ ಹಿಂದೆ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತೆವು. ಅವಳು ಒಂದು ಸಾಲು ಕಚ್ಚಿ ನನಗೆ ಕೊಟ್ಟಳು, ಏನೂ ಹೇಳಲಿಲ್ಲ, ಟೇಪು ಸುತ್ತುತ್ತಾ ಬೇರೆ ಕಡೆ ನೋಡಿದಳು. ಬಿಸಿ ಇತ್ತು. ಉಪ್ಪು ಇತ್ತು. ಒಂದು ಸಾಲು ನಾನು, ಒಂದು ಸಾಲು ಅವಳು, ಹೀಗೇ ತಿರುಗಿಸಿ ತಿರುಗಿಸಿ ದಿಂಡು ಬರುವವರೆಗೆ. ಕೊನೆಯ ಕಾಳುಗಳಿಗೆ ಜಗಳವಾಯಿತು. ನಾನು ಗೆದ್ದೆ.

ಸೆಪ್ಟೆಂಬರ್ ೨೩

ಸೊನ್ನೆ. ಅಬ್ಬಾ, ಸೊನ್ನೆ.

ಅಕ್ಟೋಬರ್ ೧೬

ಬಹಳ ದಿನದಿಂದ ಬರೆದಿಲ್ಲ, ಟೈಮೇ ಸಿಗುತ್ತಿಲ್ಲ. ಬೆಳಿಗ್ಗೆ ಊದುವುದು, ಸಂಜೆ ಜೋಳ. ಅಜ್ಜಿ ಈಗ ನನ್ನನ್ನು ಕಂಡರೆ ಬೀಸಣಿಗೆ ಎತ್ತುವುದಿಲ್ಲ, ಸರ್ ಬರುತ್ತಿದ್ದಾರೋ ಎಂದು ರಸ್ತೆಯ ಕಡೆ ನೋಡಿ ಕೊಡುತ್ತಾಳೆ. ಮೆಸ್ಸಿನಲ್ಲಿ ನಾನು ಮತ್ತು ತುತ್ತು ೩೪ರಲ್ಲೇ ಊಟ ಮಾಡುತ್ತೇವೆ. ಅವಳ ತಟ್ಟೆಯನ್ನು ಪಿನ್ನು ಹಾಕಲು ಇಟ್ಟುಕೊಂಡಿದ್ದಾಳೆ. ವಾರ್ಡನ್ ಮೇಡಂ ಅವರ ಮೂಲೆ ಟೇಬಲ್ಲಿನಿಂದ ನೋಡುತ್ತಿರುತ್ತಾರೆ. ಅವರದು ಅವರದೇ ತಟ್ಟೆ, ಅವರದೇ ಲೋಟ, ಅವರದೇ ಬೀಗ ಹಾಕಿದ ಉಪ್ಪಿನ ಡಬ್ಬಿ. ಇಪ್ಪತ್ತು ವರ್ಷದಿಂದ ಆ ಟೇಬಲ್ಲಿಗೆ ಎರಡನೇ ಕುರ್ಚಿ ಹಾಕಿಲ್ಲವಂತೆ.

ಇವತ್ತು ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದೆ ಮುಂದೆ ಹೋದ. ನಾನು ಕೂಗಿ ಕೇಳಿ ತೆಗೆದುಕೊಂಡೆ. ಅಂಥದ್ದೇನಿಲ್ಲ, ಸುಮ್ಮನೆ ಬರೆದೆ.

ಅಕ್ಟೋಬರ್ ೩೧

ಎದೆ ಕೆಳಗೆ ಉರಿ. ಪರೀಕ್ಷೆಯ ಟೆನ್ಷನ್ ಇರಬಹುದು. ತುತ್ತುವಿನ ಸಿರಪ್ ಎರಡು ಮುಚ್ಚಳ ಕುಡಿದೆ. ಅವಳಿಗೆ ಯಾವಾಗಲೂ ಹೀಗೇ ಇರುತ್ತದಂತೆ. “ಅಭ್ಯಾಸ ಆಗುತ್ತೆ ಬಿಡೇ. ನಂಗೆ ಉರಿ ಇಲ್ದಿದ್ರೆ ಯಾರೋ ಪಕ್ಕದಿಂದ ಎದ್ದು ಹೋದ ಹಾಗಾಗುತ್ತೆ,” ಎಂದಳು.

ನವೆಂಬರ್ ೧೦

ಸೊನ್ನೆ ಬರಲಿಲ್ಲ.

ಮೂವತ್ತೊಂದು ಬಂತು. ಟೆಕ್ನಿಷಿಯನ್ ಅಣ್ಣ ಯಂತ್ರದ ತಲೆಗೆ ತಟ್ಟಿದರು. ಪಕ್ಕಕ್ಕೆ ತಟ್ಟಿದರು. ಪ್ಲಗ್ ಕಿತ್ತು ಹಾಕಿದರು. ಇನ್ನೊಂದು ಜೊತೆ ಚೀಲ ಊದಿಸಿದರು. ಮೂವತ್ಮೂರು.

ಸರ್ ಓಡಿ ಬಂದರು. “ಜೋಳ ತಿಂದ್ಯಾ?” ಎಂದರು. ಹೌದೆಂದು ಗೋಣು ಹಾಕಿದೆ. “ಜೋಳಕ್ಕೆ ಇಷ್ಟು ಬರಲ್ಲ,” ಎಂದರು ತಮಗೆ ತಾವೇ. ಸ್ವಲ್ಪ ಹೊತ್ತು ಶೋಕೇಸ್ ನೋಡಿದರು. ಆಮೇಲೆ ಮುಖ ಅರಳಿತು. “ಗೊತ್ತಾಯ್ತು! ಯಂತ್ರ ಕೆಟ್ಟಿದೆ!”

“ಸರ್, ನನಗೆ ಹೊಟ್ಟೆ…”

“ನೀನು ಗಾಬರಿ ಆಗ್ಬೇಡಮ್ಮ. ಸ್ಟ್ಯಾಂಡರ್ಡ್ ತಪ್ಪಾಗೋದು ಅಂತ ಇರೋದೇ ಇಲ್ಲ. ಅಳತೆಗೋಲು ಉದ್ದ ಆಯ್ತು ಅಂತ ಯಾರಾದ್ರೂ ಹೇಳ್ತಾರಾ?”

ನವೆಂಬರ್ ೧೨

ಎಂಜಿನಿಯರ್ ಬಂದ. ಯಂತ್ರ ಬಿಚ್ಚಿದ, ಜೋಡಿಸಿದ. ಎಲ್ಲ ಸರಿ ಇದೆ ಎಂದ. ಸರ್ ಅವನಿಗೆ ನನ್ನನ್ನು ತೋರಿಸಿದರು. “ಇವಳು ಸೊನ್ನೆ. ನಿಮ್ಮ ಯಂತ್ರ ಮೂವತ್ತು ಅಂತಿದೆ. ಯಾರನ್ನ ನಂಬ್ಲಿ?”

ಎಂಜಿನಿಯರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಸ್ಕ್ರೂಡ್ರೈವರ್ ಎಲ್ಲಿ ಹಾಕಬೇಕೆಂದು ಹುಡುಕುವವನ ಹಾಗೆ. ಕೊನೆಗೆ ನನ್ನ ಉಸಿರು ಸೊನ್ನೆ ತೋರಿಸುವವರೆಗೆ ಯಂತ್ರದ ಲೆಕ್ಕವನ್ನೇ ಇಳಿಸಿದ. ಸರ್ ಅವನ ಕೈ ಕುಲುಕಿದರು. ನಾನೂ ಥ್ಯಾಂಕ್ಸ್ ಹೇಳಿದೆ. ಸೀಟು ಉಳಿಯಿತಲ್ಲ. ಹೊಟ್ಟೆ ಉರಿಯುತ್ತಿದೆ.

ನವೆಂಬರ್ ೨೦

ಒಂದು ವಾರದಿಂದ ಒಬ್ಬ ಪೇಷೆಂಟಿಗೂ ಬ್ಯಾಕ್ಟೀರಿಯಾ ಇಲ್ಲ. ಕೆಲವರಿಗೆ ಮೈನಸ್ ಬರುತ್ತಿದೆ. ಮೈನಸ್ ಅಂದರೇನು ಎಂದು ಟೆಕ್ನಿಷಿಯನ್ ಅಣ್ಣ ಕೇಳಿದ್ದಕ್ಕೆ ಸರ್ ಯೋಚಿಸಿ, “ಅತಿ ಆರೋಗ್ಯ,” ಎಂದರು. ಮೈನಸ್ ಬಂದವರಿಗೆ ಈಗ ಕೈ ಕುಲುಕಿ ಕಳಿಸುತ್ತಾರೆ.

ಹೊರಗೆ ಬೆಂಚಿನ ತುಂಬ ಆರೋಗ್ಯವಂತರು ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ. ಒಬ್ಬ ಲಾರಿ ಡ್ರೈವರ್ ಕೌಂಟರಿನಲ್ಲಿ ನಿಂತುಬಿಟ್ಟ. “ಕಾಯಿಲೆ ಇಲ್ಲ ಅಂತೀರಲ್ಲ ಸರ್, ಹಾಗಾದ್ರೆ ಈ ಉರಿ ಯಾರದ್ದು?” ಸರ್ ಅವನ ಹೆಗಲು ತಟ್ಟಿ, “ಮನಸ್ಸಿನದು,” ಎಂದರು. “ಮನಸ್ಸು ಇಷ್ಟು ಕೆಳಗಿರುತ್ತಾ?” ಎಂದು ಅವನು ಹೋದ.

ನಮ್ಮ ಊರಿನಿಂದಲೇ ಆ ಬ್ಯಾಕ್ಟೀರಿಯಾ ನಿರ್ಮೂಲವಾಗಿದೆ ಎಂದು ಸರ್ ಪೇಪರ್ ಬರೆಯುತ್ತಿದ್ದಾರೆ. ಕೇಕು ಕತ್ತರಿಸಿದರು. ಮೊದಲ ತುಂಡು ನನಗೆ, ಬೇರೆ ತಟ್ಟೆಯಲ್ಲಿ.

ನವೆಂಬರ್ ೨೪

ತುತ್ತುವಿಗೆ ಮೂರು ದಿನದಿಂದ ಊಟ ಸೇರುತ್ತಿಲ್ಲ. ಯಾರ ಹತ್ತಿರವೂ ತುತ್ತು ಕೇಳುತ್ತಿಲ್ಲ. ಮಹಡಿಯವರೆಲ್ಲ ತಾವಾಗಿಯೇ ತಟ್ಟೆ ಹಿಡಿದು ಬಂದರು. “ಬೇಡ್ರೇ,” ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಇದೇ ಮೊದಲು.

ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ನನ್ನ ಕೈಯಿಂದಲೇ ನೀಲಿ ಚೀಲ ಹಿಡಿದೆ, ನಾನೇ “ಬಿಡು ಬಿಡು ಬಿಡು” ಎಂದು ಕೂಗಿದೆ. ಯಂತ್ರ ಸೊನ್ನೆ ಎಂದಿತು.

“ನೋಡಿದ್ಯಾ, ನಿನ್ನ ಹಾಗೇ ನಾನೂ ಸ್ಟ್ಯಾಂಡರ್ಡು,” ಎಂದು ನಕ್ಕಳು. ಬೆಂಚು ಹಿಡಿದುಕೊಂಡು ನಕ್ಕಳು. ಡಾಕ್ಟರು ರಿಪೋರ್ಟ್ ನೋಡಿ ಬ್ಯಾಕ್ಟೀರಿಯಾದ ಮಾತ್ರೆ ಬರೆಯಲಿಲ್ಲ. ಯೋಚನೆ ಕಡಿಮೆ ಮಾಡಮ್ಮ ಎಂದರು.

ಅವಳ ಸೊನ್ನೆ ನಿಜವಲ್ಲ. ಆ ಸೊನ್ನೆ ನನ್ನದು. ನನ್ನ ಹೊಟ್ಟೆಯ ಲೆಕ್ಕದಲ್ಲಿ ಇಡೀ ಊರು ಆರೋಗ್ಯವಾಗಿದೆ.

ನವೆಂಬರ್ ೨೭

ಸರ್ ರೂಮಿಗೆ ಹೋದೆ. ಬಾತ್‌ರೂಮಿನ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿಕೊಂಡು ಹೋಗಿದ್ದೆ. “ಸರ್, ಯಂತ್ರ ಸರಿ ಇತ್ತು. ನನಗೇ ಇದೆ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಬೆವರು.

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ನೋಡಮ್ಮ, ನೀನು ಸ್ಟ್ಯಾಂಡರ್ಡ್ ಆಗಿರೋವರೆಗೆ ನಿನ್ನ ವೈವಾ ನನ್ನ ಜವಾಬ್ದಾರಿ. ಅಲ್ಲ ಅಂದ ದಿನ ಎಲ್ಲರ ಹಾಗೆ ನೀನೂ ಬಾಯಿ ತೆಗೆದು ಉತ್ತರ ಹೇಳ್ಬೇಕಾಗುತ್ತೆ. ಆಗುತ್ತಾ ನಿನ್ನಿಂದ?”

ನಾನು ತಲೆ ತಗ್ಗಿಸಿ ಅವರ ಪೆನ್ನನ್ನೇ ನೋಡಿದೆ.

“ಅದಕ್ಕೇ ಹೇಳಿದ್ದು,” ಎಂದು ಪೆನ್ನು ಎತ್ತಿಕೊಂಡರು.

ಡಿಸೆಂಬರ್ ೨

ತುತ್ತು ಮೆಟ್ಟಿಲ ಮೇಲೆ ಬಿದ್ದಳು. ಟೇಪು ಎಲ್ಲ ಬಿಚ್ಚಿಕೊಂಡು ಕೆಳಗಿನ ಮೆಟ್ಟಿಲವರೆಗೆ ಉರುಳಿತ್ತು. ಹೊಟ್ಟೆಯೊಳಗೆ ಎಲ್ಲೋ ರಕ್ತ ಹೋಗುತ್ತಿದೆಯಂತೆ. ವಾರ್ಡಿನಲ್ಲಿ ಹಾಕಿದ್ದಾರೆ, ರಕ್ತ ಕೊಡುತ್ತಿದ್ದಾರೆ, ಆಸಿಡ್ ಕಡಿಮೆ ಮಾಡುವ ಇಂಜೆಕ್ಷನ್ ಕೊಡುತ್ತಿದ್ದಾರೆ. ಹುಣ್ಣು ಯಾಕಾಯಿತೆಂದೇ ಅರ್ಥವಾಗುತ್ತಿಲ್ಲ ಎನ್ನುತ್ತಾರೆ. ರಿಪೋರ್ಟ್ ಸೊನ್ನೆಯಲ್ಲವೇ!

ಸಿಸ್ಟರ್ ಅವಳಿಗೆ ಗಂಜಿ ತಂದರು. ಅವಳು ಚಮಚ ಎತ್ತಿ ನನ್ನ ಕಡೆ ಹಿಡಿದಳು. “ಒಂದು ತುತ್ತು ತಗೊಳ್ಳೇ. ಒಬ್ಬಳೇ ತಿಂದ್ರೆ ಸೇರಲ್ಲ ನಂಗೆ.”

ವೈವಾ ನಾಳಿದ್ದು.

ಡಿಸೆಂಬರ್ ೪

ಆಯಿತು. ಅಕ್ಷರ ಇನ್ನೂ ಸೊಟ್ಟ ಬರುತ್ತಿದೆ.

ಹೊರಗಿನ ಎಕ್ಸಾಮಿನರ್ ಒಬ್ಬರು ದಪ್ಪ ಜಡೆಯ ಮೇಡಂ. ಚೀಲದಿಂದ ಕಡಲೆ ತೆಗೆದು ತೆಗೆದು ತಿನ್ನುತ್ತಿದ್ದರು. ಎಚ್‌ಒಡಿ ಸರ್ ಪಕ್ಕದಲ್ಲಿ ಕೂತು, “ಇವಳನ್ನ ಹೆಚ್ಚು ಕೇಳೋದೇನೂ ಬೇಡ ಮೇಡಂ, ನಮ್ಮ ಸ್ಟ್ಯಾಂಡರ್ಡು ಇವಳೇ,” ಎಂದರು.

“ಹೌದಾ? ಹಾಗಾದ್ರೆ ಒಂದೇ ಪ್ರಶ್ನೆ,” ಎಂದರು ಮೇಡಂ. “ನಿಮ್ಮ ಯಂತ್ರ ಸರಿ ಇದೆ ಅಂತ ನಿಂಗೆ ಹೇಗೆ ಗೊತ್ತು?”

ಲಿಫ್ಟ್ ನಿಂತಿತು. ಸರ್ ಆಗಲೇ ನನ್ನ ಪರವಾಗಿ ಉತ್ತರ ಹೇಳಲು ಬಾಯಿ ತೆಗೆದಿದ್ದರು. ನನಗೆ ಟೇಪು ನೆನಪಾಯಿತು, ಉಸಿರು ಬಿಡೇ ಎಂದದ್ದು. ಬಿಟ್ಟೆ.

“ಸರಿ ಇಲ್ಲ ಮೇಡಂ,” ಎಂದೆ. “ಮೊದಲು ಸರಿ ಇತ್ತು. ರಿಪೇರಿ ಆದ್ಮೇಲೆ ಕೆಟ್ಟಿದೆ.”

ಸರ್ ಕೆಮ್ಮಿದರು. ಮೇಡಂ ಕಡಲೆ ಜಗಿಯುವುದನ್ನು ನಿಲ್ಲಿಸಿದರು. ಒಂದು ಸಲ ಬಾಯಿ ತೆರೆದ ಮೇಲೆ ನನಗೆ ಮುಚ್ಚಲು ಬರಲಿಲ್ಲ. ಜೋಳದಿಂದ ಶುರು ಮಾಡಿ ಎಂಜಿನಿಯರ್, ಅತಿ ಆರೋಗ್ಯ, ಲಾರಿ ಡ್ರೈವರ್, ವಾರ್ಡಿನಲ್ಲಿರುವ ನನ್ನ ರೂಮ್‌ಮೇಟ್ ಎಲ್ಲ ಹೇಳಿದೆ. ಸರ್ “ಪರೀಕ್ಷೆಯ ಭಯ ಮೇಡಂ, ಏನೇನೋ ಮಾತಾಡ್ತಿದಾಳೆ,” ಎಂದರು.

“ಭಯ ಇದ್ದೋರು ಇಷ್ಟು ಮಾತಾಡಲ್ಲ. ಪ್ರೂಫ್ ಇದೆಯಾ?” ಎಂದರು ಮೇಡಂ.

ನಾನು ಎದ್ದು ಹೋಗಿ ಶೋಕೇಸ್ ತೆಗೆದೆ. ಶೀಲ್ಡು ಒಂದು ಬಿತ್ತು. ವಿಮಾನ ಹತ್ತಿ ಬಂದ ಎರಡೂ ಚೀಲ ತಂದು ಟೆಕ್ನಿಷಿಯನ್ ಅಣ್ಣನ ಕೈಗೆ ಕೊಟ್ಟೆ. ಅವರು ಸರ್ ಮುಖ ನೋಡಿದರು. ನನ್ನ ಮುಖ ನೋಡಿದರು. ಯಂತ್ರಕ್ಕೆ ಹಾಕಿದರು.

ಮೈನಸ್ ಮೂವತ್ತೆರಡು.

“ಸರ್,” ಎಂದೆ, “ಈ ಉಸಿರು ಸೊನ್ನೆ ಅಂತ ನೀವೇ ಅಷ್ಟು ಜನರ ಮುಂದೆ ತೋರಿಸಿ ಬಂದಿದೀರಿ. ಚೀಲದೊಳಗೆ ಕೂತು ಕೂತು ಅದು ಅತಿ ಆರೋಗ್ಯ ಹೇಗಾಯ್ತು ಸರ್?”

ಯಂತ್ರ ಗುಂಯ್ ಎನ್ನುತ್ತಿತ್ತು, ನನ್ನ ಹಳೆಯ ಉಸಿರಿನ ಕೊನೆಯದನ್ನೂ ಎಳೆದುಕೊಂಡು. ಚೀಲಗಳು ಚಪ್ಪಟೆಯಾಗಿ ಮೇಜಿನ ಮೇಲೆ ಬಿದ್ದವು. ಸರ್ ಅವನ್ನು ಎತ್ತಿಕೊಂಡು ಸುಕ್ಕು ಸವರಿದರು. ಮಗಳು ಹೇಳದೆ ಕೇಳದೆ ಮದುವೆಯಾಗಿ ಬಂದಳೇನೋ ಎಂಬ ದನಿಯಲ್ಲಿ ಕೇಳಿದರು, “ಯಾರಮ್ಮ ಅದು? ಯಾರ ಎಂಜಲು ತಿಂದೆ?”

ಅದೊಂದು ಹೇಳಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ.

ಮೇಡಂ ಮಾರ್ಕ್ಸ್ ಬರೆದು ಪೇಪರ್ ಮಡಚಿದರು. “ಹೆಸರು ಕೇಳೋದೇ ಮರೆತೆ, ಏನಮ್ಮ ನಿನ್ನ ಹೆಸರು?” ಹೇಳಿದೆ.

ಡಿಸೆಂಬರ್ ೬

ಯಂತ್ರವನ್ನು ಮೊದಲಿನ ಹಾಗೆ ಮಾಡಿದ್ದಾರೆ. ತುತ್ತು ಈಗ ಆಸಿಡ್ ಇಂಜೆಕ್ಷನ್ನಿನ ಮೇಲಿರುವುದರಿಂದ ಅವಳನ್ನು ಹೊಸದಾಗಿ ಊದಿಸಿ ಪ್ರಯೋಜನವಿಲ್ಲವಂತೆ. ಟೆಕ್ನಿಷಿಯನ್ ಅಣ್ಣ ಅವಳ ಹಳೆಯ ಚೀಲಗಳನ್ನು ಬಿಸಾಕಿರಲಿಲ್ಲ. ಮತ್ತೆ ಹಾಕಿದರು. ಮೂವತ್ತೆರಡು ಬಂತು. ಡಾಕ್ಟರು ಹದಿನಾಲ್ಕು ದಿನದ ಮಾತ್ರೆ ಬರೆದರು, ನನಗೂ ಅದೇ. ಲಾರಿ ಡ್ರೈವರಿನಿಂದ ಹಿಡಿದು ಎಲ್ಲ ಆರೋಗ್ಯವಂತರಿಗೂ ಫೋನ್ ಮಾಡಿ ವಾಪಸ್ ಕರೆಯುತ್ತಿದ್ದಾರೆ. ಫೋನ್ ಮಾಡುವ ಕೆಲಸ ನನ್ನದು. “ನಮಸ್ಕಾರ, ನಿಮಗೆ ಕಾಯಿಲೆ ಇರಬಹುದು,” ಎಂದರೆ ಜನ ಎಷ್ಟು ಖುಷಿಯಾಗುತ್ತಾರೆ!

ವೈವಾ ಪಾಸು. ತುದಿಯಲ್ಲಿ. ಪ್ರಶ್ನೆ ಒಂದೇ ಕೇಳಿದ್ದರಿಂದ ಅದಕ್ಕಿಂತ ಹೆಚ್ಚು ಕೊಡಲು ರೂಲ್ ಇಲ್ಲವಂತೆ.

ಡಿಸೆಂಬರ್ ೧೩

ತುತ್ತು ರೂಮಿಗೆ ಬಂದಳು. ಮಾತ್ರೆ ಮುಗಿಯುವವರೆಗೆ ಒಬ್ಬರ ಎಂಜಲು ಒಬ್ಬರು ತಿನ್ನಬಾರದು. ಸಂಜೆ ಎರಡು ಜೋಳ ತಂದೆ. ಟ್ಯಾಂಕಿನ ಮೆಟ್ಟಿಲ ಮೇಲೆ ನಡುವೆ ದಿಂಬು ಇಟ್ಟುಕೊಂಡು ಕೂತೆವು.

“ಚೆನ್ನಾಗಿಲ್ಲ ಇದು,” ಎಂದಳು ಅವಳು, ತನ್ನದನ್ನು ತಿರುಗಿಸಿ ನೋಡುತ್ತಾ.

“ಅದೇ ಅಜ್ಜಿಯದು ಕಣೇ.”

“ನಿಂದು ಹೇಗಿದೆ?”

“ಚೆನ್ನಾಗಿಲ್ಲ.”

ಡಿಸೆಂಬರ್ ೧೫

ಹೊಸ ಸ್ಟ್ಯಾಂಡರ್ಡಿಗೆ ಇಡೀ ಕಾಲೇಜನ್ನೂ ಹಾಸ್ಟೆಲನ್ನೂ ಊದಿಸಿದರು. ಎಚ್‌ಒಡಿ ಸರ್‌ಗೆ ನಲವತ್ತೊಂದು. ಟೆಕ್ನಿಷಿಯನ್ ಅಣ್ಣನಿಗೆ ಇಪ್ಪತ್ತೆರಡು. ಪೂರ್ತಿ ಸೊನ್ನೆ ಬಂದದ್ದು ಒಬ್ಬರಿಗೇ, ವಾರ್ಡನ್ ಮೇಡಂಗೆ. ಸರ್ ಅವರ ಮುಂದೆ ನಿಂತು ಚಪ್ಪಾಳೆ ತಟ್ಟಿದರು.

ಇವತ್ತು ಅವರ ಮೊದಲ ದಿನ. ಊದಿಸುವ ಕೆಲಸ ನನಗೆ ಕೊಟ್ಟಿದ್ದಾರೆ. ನಿಯಮಗಳನ್ನು ಓದಿ ಹೇಳಿದೆ. ಓಡಬಾರದು, ಜೋಳ ತಿನ್ನಬಾರದು, ಯಾರ ಲೋಟದಲ್ಲೂ ಕುಡಿಯಬಾರದು. ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಕೇಳಿದರು. “ನಾನು ಮೊದಲಿಂದ ಹಾಗೇ ಇರೋದು. ಇದಕ್ಕೆ ಇಷ್ಟು ಬೆಲೆ ಇದೆ ಅಂತ ಯಾರೂ ಹೇಳಿರಲಿಲ್ಲ,” ಎಂದರು.

ನೀಲಿ ಚೀಲ ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಾಯಿಗೆ ಇಟ್ಟುಕೊಳ್ಳದೆ ಸ್ವಲ್ಪ ಹೊತ್ತು ತಿರುಗಿಸುತ್ತಾ ಕೂತರು.

“ಅಲ್ಲ, ಇಷ್ಟು ಒಳ್ಳೆ ಕೆಲಸ. ನೀನ್ಯಾಕೆ ಬಿಟ್ಟೆ?”

“ಹಸಿವಾಯ್ತು ಮೇಡಂ,” ಎಂದೆ.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಗೇಟಿನ ಹತ್ತಿರ ಹೊಗೆ ಏಳುತ್ತಿತ್ತು. ನಾನು ಕೂಗಬೇಕಾದದ್ದು ಕೂಗಿದೆ: ಎಳ್ಕೊಳ್ಳಿ ಮೇಡಂ, ಹಿಡ್ಕೊಳ್ಳಿ, ಈಗ ಬಿಡಿ. ಬಿಟ್ಟರು. ಬಿಡುತ್ತಲೇ ಇದ್ದರು. ಅಷ್ಟು ಉದ್ದದ ಉಸಿರು ನಾನು ಯಾರಲ್ಲೂ ನೋಡಿಲ್ಲ.

ಚೀಲ ಸಾಲಲಿಲ್ಲ.